ಯುರೋಪಿನಲ್ಲಿ ನಡಿಗೆಯ ಪ್ರವಾಸ: ಯಾವ ತಿಂಗಳಲ್ಲಿ ಎಲ್ಲಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಾರಣದ ಗೆಳೆಯರು, ಮ್ಯೂನಿಕ್‌ನಲ್ಲೋ ಲಂಡನ್ನಿನಲ್ಲೋ ಮಕ್ಕಳಿರುವ ಹಿರಿಯರು, ಮೊದಲ ಸಲ ವಿದೇಶಕ್ಕೆ ಹೊರಟ ಕುಟುಂಬದವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಹೆಚ್ಚಿನವರು ಮೊದಲು ಊರು ಗೊತ್ತುಮಾಡಿಕೊಂಡು, ಟಿಕೆಟ್ ತೆಗೆದು, ಆಮೇಲೆ ಹವಾಮಾನ ವಿಚಾರಿಸುತ್ತಾರೆ. ಈ ಕ್ರಮವನ್ನು ತಿರುಗಿಸಿ ಎಂಬುದೇ ನನ್ನ ಒತ್ತಾಯ. ನಿಮಗೆ ಯಾವ ತಿಂಗಳು ರಜೆ ಸಿಗುತ್ತದೆ ಎಂದು ಮೊದಲು ನೋಡಿ, ಆ ತಿಂಗಳಿಗೆ ಒಪ್ಪುವ ನೆಲವನ್ನು ಆಮೇಲೆ ಹುಡುಕಿ.

## ಮೊದಲು ತಿಳಿಯಬೇಕಾದದ್ದು

ಸುತ್ತುಬಳಸು ಬೇಡ, ಒಂದೇ ತಿಂಗಳು ಹೇಳಿ. ಯಾವುದು ಒಳ್ಳೆಯದು?

ಸೆಪ್ಟೆಂಬರ್, ಅದರಲ್ಲೂ ಮೊದಲ ಮೂರು ವಾರ. ಆಲ್ಪ್ಸ್ ಪರ್ವತದ ಎತ್ತರದ ದಾರಿಗಳಲ್ಲಿ ಆ ಹೊತ್ತಿಗೆ ಹಳೆಯ ಹಿಮ ಕರಗಿರುತ್ತದೆ, ಬೆಟ್ಟದ ಮೇಲಿನ ತಂಗುಮನೆಗಳು ಇನ್ನೂ ತೆರೆದಿರುತ್ತವೆ, ಮಧ್ಯಾಹ್ನದ ಗುಡುಗುಮಳೆ ಜುಲೈ, ಆಗಸ್ಟ್‌ಗಿಂತ ಕಡಿಮೆಯಾಗಿರುತ್ತದೆ. ಯುರೋಪಿನ ಬಹುತೇಕ ಶಾಲೆಗಳು ತೆರೆದಿರುವುದರಿಂದ ಮಕ್ಕಳನ್ನು ಕಟ್ಟಿಕೊಂಡು ಬರುವ ಜನಸಂದಣಿಯೂ ಇಳಿದಿರುತ್ತದೆ. ಮೆಡಿಟರೇನಿಯನ್ ಸಮುದ್ರದ ನೀರು ಬೇಸಿಗೆಯ ಬಿಸಿಯನ್ನು ಇನ್ನೂ ಉಳಿಸಿಕೊಂಡಿರುತ್ತದೆ. ಉತ್ತರದಿಂದ ದಕ್ಷಿಣದವರೆಗೆ ಹೆಚ್ಚುಕಡಿಮೆ ಎಲ್ಲೆಡೆ ನಡೆಯಬಹುದಾದ ತಿಂಗಳು ಇದೊಂದೇ.

ಆದರೆ ಈ ಉತ್ತರ ಸೆಪ್ಟೆಂಬರ್‌ನಲ್ಲಿ ರಜೆ ಸಿಗುವವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಉಳಿದವರು ಮುಂದೆ ಓದಬೇಕು.

ಮೇ ತಿಂಗಳಲ್ಲಿ ಅಲ್ಲಿ ವಸಂತ ಎನ್ನುತ್ತಾರೆ. ಹಾಗಿದ್ದರೆ ಬೆಟ್ಟದ ದಾರಿ ಏಕೆ ಮುಚ್ಚಿರುತ್ತದೆ?

ವಸಂತ ಕಣಿವೆಗೆ ಬಂದಿರುತ್ತದೆ, ಬೆಟ್ಟಕ್ಕೆ ಬಂದಿರುವುದಿಲ್ಲ. ಪ್ರತಿ ಸಾವಿರ ಮೀಟರ್ ಮೇಲೆ ಹೋದಂತೆ ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಣಿವೆಯ ಊರಿನಲ್ಲಿ 18 ಡಿಗ್ರಿಯ ಹಿತವಾದ ಬಿಸಿಲಿದ್ದರೆ, ಅಲ್ಲಿಂದ 2,000 ಮೀಟರ್ ಮೇಲಿನ ಘಟ್ಟದಲ್ಲಿ 6 ಡಿಗ್ರಿ. ಚಳಿಗಾಲವಿಡೀ ಬಿದ್ದು ಗಟ್ಟಿಯಾದ ಹಿಮ ಅಷ್ಟಕ್ಕೆಲ್ಲ ಬೇಗ ಕರಗುವುದಿಲ್ಲ. ಆಲ್ಪ್ಸ್‌ನಲ್ಲಿ 2,500 ಮೀಟರ್ ಎತ್ತರದ ದಾಟುದಾರಿಗಳು ಜೂನ್ ಕೊನೆಯಲ್ಲೋ ಜುಲೈ ಮೊದಲಲ್ಲೋ ತೆರೆಯುತ್ತವೆ. ಉತ್ತರ ದಿಕ್ಕಿನ ಇಳಿಜಾರಿನಲ್ಲಿ ಇನ್ನೂ ತಡ. ಗಟ್ಟಿ ಹಿಮದ ಓರೆಯಲ್ಲಿ ಒಮ್ಮೆ ಜಾರಿದರೆ ತಡೆಯಲು ಏನೂ ಸಿಗದು. ಜೂನ್ ತಿಂಗಳಲ್ಲಿ ಅವಸರಪಡುವವರಿಗೆ ದೊಡ್ಡ ಅಪಾಯ ಇದೇ.

ಹಾಗಾಗಿ ಎರಡು ಸಂಗತಿಗಳನ್ನು ನೋಡಬೇಕು: ಎಷ್ಟು ಎತ್ತರ, ಎಷ್ಟು ಉತ್ತರ. ಕ್ರೀಟ್ ದ್ವೀಪದ ಕರಾವಳಿಯಲ್ಲಿ ಏಪ್ರಿಲ್ ಹೂವಿನ ಕಾಲ. ಜರ್ಮನಿಯ ನದಿಕಣಿವೆಗಳಲ್ಲಿ ಅದೇ ಸೊಬಗು ಮೇ ತಿಂಗಳಿಗೆ ಬರುತ್ತದೆ, ಸ್ವಿಸ್ ಹುಲ್ಲುಗಾವಲುಗಳಲ್ಲಿ ಜುಲೈಗೆ.

ನಮ್ಮ ಮಕ್ಕಳಿಗೆ ಏಪ್ರಿಲ್, ಮೇ ತಿಂಗಳಲ್ಲಷ್ಟೇ ರಜೆ. ಆಗ ಹೋದರೆ ದಂಡವೇ?

ಖಂಡಿತ ಅಲ್ಲ. ಎತ್ತರದ ಆಲ್ಪ್ಸ್ ಆಸೆಯನ್ನು ಬಿಟ್ಟರೆ ಸಾಕು. ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ದಕ್ಷಿಣ ಯುರೋಪಿನ ಅತ್ಯುತ್ತಮ ನಡಿಗೆಯ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ಇದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಹಿಮವನ್ನು ದೂರದಿಂದ ನೋಡಿ, ಬಸ್ಸಿನಲ್ಲೇ ಸುತ್ತಿ ಬರುತ್ತಾರೆ.

ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಇಟಲಿಯ ಅಮಾಲ್ಫಿ ಕರಾವಳಿಯಲ್ಲಿ ನಡೆಯಿರಿ. ಬೊಮೆರಾನೊದಿಂದ ನೊಚೆಲ್ಲೆವರೆಗಿನ ‘ದೇವರುಗಳ ದಾರಿ’ ಆರೇಳು ಕಿಲೋಮೀಟರ್; ಹತ್ತು ವರ್ಷದ ಮಕ್ಕಳೂ ನಡೆಯಬಲ್ಲರು, ಕೆಳಗೆ ಕಣ್ಣು ಹಾಯುವಷ್ಟೂ ಸಮುದ್ರ. ಪೋರ್ಚುಗಲ್‌ನ ಅಲೆಂತೆಜು ಕರಾವಳಿಯ ‘ಮೀನುಗಾರರ ದಾರಿ’ಯಲ್ಲಿ ಆಗ ದಿಣ್ಣೆಗಳ ಮೇಲೆಲ್ಲ ಹೂವು, ಬಂಡೆತುದಿಗಳಲ್ಲಿ ಬಕಗಳ ಗೂಡು. ಕ್ರೀಟ್‌ನ ಸಮಾರಿಯಾ ಕಮರಿ ಸಾಮಾನ್ಯವಾಗಿ ಮೇ ಮೊದಲ ದಿನಗಳಲ್ಲಿ ತೆರೆಯುತ್ತದೆ. 1,200 ಮೀಟರ್ ಎತ್ತರದಿಂದ ಸಮುದ್ರದವರೆಗೆ 16 ಕಿಲೋಮೀಟರ್ ಇಳಿಯಬೇಕು, ಮಂಡಿನೋವಿನವರಿಗೆ ಬೇಡ. ಇಂಗ್ಲೆಂಡಿನ ಕಾಡುಗಳಲ್ಲಿ ಏಪ್ರಿಲ್ ಕೊನೆ, ಮೇ ಮೊದಲಲ್ಲಿ ನೀಲಿ ಬ್ಲೂಬೆಲ್ ಹೂವಿನ ಹಾಸು ಹರಡಿರುತ್ತದೆ.

ಸ್ವಿಟ್ಜರ್ಲೆಂಡೇ ಬೇಕೆಂದು ಹಟ ಹಿಡಿದರೆ ದಕ್ಷಿಣದ ಟಿಚಿನೋ ಪ್ರಾಂತ್ಯಕ್ಕೆ, ಲೊಕಾರ್ನೊ, ಲುಗಾನೊ ಊರುಗಳ ಸರೋವರಗಳ ಕಡೆಗೆ ಹೋಗಿ. ದಂಡೆಯಲ್ಲಿ ತಾಳೆಮರ, ಹಿಂದೆ ಹಿಮದ ಶಿಖರ, ನಡುವೆ ಚೆಸ್ಟ್‌ನಟ್ ತೋಪುಗಳ ಕಲ್ಲುದಾರಿ.

ದಸರಾ ರಜೆಗೆ ಹೋದರೆ ಚಳಿಗೆ ಮುದುಡಿಬಿಡುತ್ತೇವೆಯೇ?

ಬೆಳಿಗ್ಗೆ ಕೈಗವಸು ಬೇಕು, ಮಧ್ಯಾಹ್ನ ತೋಳು ಮಡಚಿ ನಡೆಯಬಹುದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಎಂದರೆ ಮಧ್ಯ ಯುರೋಪಿನ ಬಣ್ಣದ ಕಾಲ. ಜರ್ಮನಿಯ ರೈನ್ ಮತ್ತು ಮೋಸೆಲ್ ಕಣಿವೆಗಳಲ್ಲಿ ದ್ರಾಕ್ಷಿ ಕೊಯ್ಲು ನಡೆದಿರುತ್ತದೆ. ಬಾನ್‌ನಿಂದ ವೀಸ್‌ಬಾಡೆನ್‌ವರೆಗೆ ಸುಮಾರು 320 ಕಿಲೋಮೀಟರ್ ಸಾಗುವ ರೈನ್‌ಸ್ಟೈಗ್ ದಾರಿಯನ್ನು ಊರಿಂದೂರಿಗೆ ತುಂಡುತುಂಡಾಗಿ ನಡೆದು ಸಂಜೆ ರೈಲಿನಲ್ಲಿ ಮರಳಬಹುದು. ಫ್ರಾಂಕ್‌ಫರ್ಟ್ ಸುತ್ತ ನೆಂಟರಿದ್ದರೆ ಇದಕ್ಕಿಂತ ಸುಲಭದ ಯೋಜನೆ ಇಲ್ಲ. ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆಯಲ್ಲಿ ಅಕ್ಟೋಬರ್ ನಡುವಿಗೆ ಲಾರ್ಚ್ ಮರಗಳು ಹೊನ್ನಬಣ್ಣಕ್ಕೆ ತಿರುಗುತ್ತವೆ. ಒಂದು ಸಲವಾದರೂ ಅದನ್ನು ನೋಡಲೇಬೇಕು.

ಅಕ್ಟೋಬರ್‌ನ ತೊಡಕು ವಸತಿಯದು. ಎತ್ತರದ ತಂಗುಮನೆಗಳು ಸೆಪ್ಟೆಂಬರ್ 20ರ ಆಸುಪಾಸಿನಿಂದ ಒಂದೊಂದಾಗಿ ಬಾಗಿಲು ಹಾಕುತ್ತವೆ. ಕಣಿವೆಯ ಊರಿನಲ್ಲಿ ಉಳಿದು ದಿನವೂ ಹೋಗಿಬರುವ ಯೋಜನೆ ಹಾಕಿ. ತಗ್ಗಿನ ಊರುಗಳಲ್ಲಿ ಮಂಜು ಕವಿದಿದ್ದರೆ ನಿರಾಶೆ ಬೇಡ. ಕೇಬಲ್ ಕಾರಿನಲ್ಲಿ ಮೇಲೆ ಹೋದರೆ ಅನೇಕ ದಿನ ಅಲ್ಲಿ ಶುಭ್ರ ನೀಲಿ ಆಕಾಶ ಇರುತ್ತದೆ.

ಹಗಲಿನ ಉದ್ದ ಅಷ್ಟೊಂದು ಬದಲಾಗುತ್ತದೆಯೇ?

ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ. ಎಡಿನ್‌ಬರೋದಲ್ಲಿ ಜೂನ್ ಹಗಲು ಹದಿನೇಳೂವರೆ ಗಂಟೆ, ಡಿಸೆಂಬರ್ ಹಗಲು ಏಳೇ ಗಂಟೆ. ನಾರ್ವೆಯ ಟ್ರಾಮ್ಸೋದಲ್ಲಿ ಮೇ ಕೊನೆಯ ವಾರಗಳಿಂದ ಜುಲೈ ಮೂರನೇ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ದಾರಿ ತಪ್ಪಿದರೂ, ಕಾಲು ನೊಂದು ನಿಧಾನವಾದರೂ ಜೂನ್‌ನಲ್ಲಿ ಬೆಳಕು ನಿಮ್ಮ ಕೈಬಿಡದು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ದಿನದಿಂದ ಸಂಜೆ ಥಟ್ಟನೆ ಕತ್ತಲಾಗುತ್ತದೆ, ತಲೆದೀಪವಿಲ್ಲದೆ ಹೊರಡಬಾರದು.

ನಾವು ಮಲೆನಾಡಿನವರು. ಅಲ್ಲಿನ ಮಳೆಗೆ ಹೆದರಬೇಕೇ?

ಪ್ರಮಾಣಕ್ಕೆ ಹೆದರಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಇಂಗ್ಲೆಂಡಿನ ಅತಿ ಹೆಚ್ಚು ಮಳೆಯ ಊರೆಂದು ಹೆಸರಾದ ಸೀತ್‌ವೇಟ್‌ನಲ್ಲಿ ಅದರ ಅರ್ಧದಷ್ಟೂ ಇಲ್ಲ. ಲಂಡನ್ನಿನ ಮಳೆ ಬೆಂಗಳೂರಿಗಿಂತ ಕಡಿಮೆ.

ಭಯ ಇರಬೇಕಾದದ್ದು ಚಳಿಯ ಬಗ್ಗೆ. ನಮ್ಮಲ್ಲಿ ನೆನೆದರೂ ನಡೆಯುತ್ತ ಮೈ ಬೆಚ್ಚಗಾಗುತ್ತದೆ. 8 ಡಿಗ್ರಿಯಲ್ಲಿ ಗಾಳಿಯೊಡನೆ ಬರುವ ಮಳೆಯಲ್ಲಿ ಹತ್ತಿಯ ಬಟ್ಟೆ ಒದ್ದೆಯಾದರೆ ಮೈಯ ಶಾಖ ವೇಗವಾಗಿ ಸೋರಿಹೋಗುತ್ತದೆ. ಆಯಾಸ, ನಡುಕ, ಬುದ್ಧಿ ಮಂಕಾಗುವುದು ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಜೀನ್ಸ್ ಮನೆಯಲ್ಲಿರಲಿ. ಉಣ್ಣೆಯ ಅಥವಾ ಬೇಗ ಒಣಗುವ ಒಳಂಗಿ, ನೀರು ಬಿಡದ ಜಾಕೆಟ್, ಪ್ಯಾಂಟ್ ಒಯ್ಯಿರಿ. ಗಾಳಿಯ ಬೆಟ್ಟದಲ್ಲಿ ಕೊಡೆ ನಿಲ್ಲದು.

ಇನ್ನೊಂದು ಮಾತು. ಮುಂಗಾರಿನ ಲೆಕ್ಕ ಅಲ್ಲಿ ತಲೆಕೆಳಗು. ಮೆಡಿಟರೇನಿಯನ್ ತೀರದಲ್ಲಿ ಬೇಸಿಗೆ ಒಣಗಿರುತ್ತದೆ, ಮಳೆ ಬರುವುದು ಶರತ್ಕಾಲ ಮತ್ತು ಚಳಿಗಾಲದಲ್ಲಿ. ಇಟಲಿಯ ಚಿಂಕ್ವೆ ಟೆರ್ರೆಯ ವೆರ್ನಾತ್ಸಾ, ಮೊಂಟೆರೊಸ್ಸೊ ಊರುಗಳನ್ನು ಕೆಸರಿನಲ್ಲಿ ಮುಳುಗಿಸಿದ ಪ್ರವಾಹ ಬಂದದ್ದು 2011ರ ಅಕ್ಟೋಬರ್ 25ರಂದು. ಅಲ್ಲಿಗೆ ಶರತ್ಕಾಲದಲ್ಲಿ ಹೋಗುವವರು ಎಚ್ಚರಿಕೆಯ ಸೂಚನೆ ಬಂದ ದಿನ ದಾರಿಗಿಳಿಯಬಾರದು.

## ದಾರಿ ಗೊತ್ತುಮಾಡಿಕೊಂಡವರಿಗೆ

ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮಾಂಟ್ ಬ್ಲಾಂಕ್ ಸುತ್ತುವ ದಾರಿಗೆ ಸರಿಯಾದ ವಾರ ಯಾವುದು?

ನನ್ನ ಆಯ್ಕೆ ಸೆಪ್ಟೆಂಬರ್ ಎರಡನೇ ವಾರ, ಅದಾಗದಿದ್ದರೆ ಜುಲೈ ಎರಡನೇ ವಾರ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶಗಳನ್ನು ಹಾಯುವ ಈ ಸುತ್ತು ಸುಮಾರು 170 ಕಿಲೋಮೀಟರ್. ಒಟ್ಟು ಏರು 10,000 ಮೀಟರ್ ಆಸುಪಾಸು. ಹೆಚ್ಚಿನವರು ಹತ್ತು, ಹನ್ನೊಂದು ದಿನದಲ್ಲಿ ಮುಗಿಸುತ್ತಾರೆ. ಅತಿ ಎತ್ತರದ ಬಿಂದುಗಳು 2,665 ಮೀಟರ್.

ತಂಗುಮನೆಗಳು ಜೂನ್ ಮಧ್ಯದಲ್ಲಿ ತೆರೆದರೂ ಮೇಲಿನ ದಾಟುದಾರಿಗಳಲ್ಲಿ ಜುಲೈ ಮೊದಲ ವಾರದವರೆಗೂ ಹಿಮ ಉಳಿದಿರಬಹುದು. ಜುಲೈನಲ್ಲಿ ಹುಲ್ಲುಗಾವಲು ಹೂವಿನಿಂದ ತುಂಬಿರುತ್ತದೆ, ಜನರಿಂದಲೂ ತುಂಬಿರುತ್ತದೆ. ಆಗಸ್ಟ್ ಕೊನೆಯ ವಾರ ಶಿಖರದ ಬುಡದ ಫ್ರೆಂಚ್ ಊರು ಶಾಮೊನಿಯಲ್ಲಿ ಯುಟಿಎಂಬಿ ಓಟದ ಸ್ಪರ್ಧೆ ಇರುತ್ತದೆ. ಇದೇ ದಾರಿಯಲ್ಲಿ ಸಾವಿರಾರು ಓಟಗಾರರು, ಊರಿನಲ್ಲಿ ಕೋಣೆಯೇ ಸಿಗದು. ಆ ವಾರವನ್ನು ಬಿಟ್ಟುಬಿಡಿ. ಸೆಪ್ಟೆಂಬರ್‌ನಲ್ಲಿ ಹೂವಿಲ್ಲ, ಆದರೆ ಗಾಳಿ ತಿಳಿಯಾಗಿ ಶಿಖರಗಳು ಕೈಗೆಟುಕುವಂತೆ ಕಾಣುತ್ತವೆ. ಒಂದು ರಾತ್ರಿ ಹೊಸ ಹಿಮ ಬೀಳುವ ಸಾಧ್ಯತೆ ಇದ್ದೇ ಇರುತ್ತದೆ, ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಿ.

ಕುಮಾರ ಪರ್ವತ ಹತ್ತಿದವರಿಗೆ ದಿನದ ಏರು ಹೊಸದೆನಿಸದು. ಅದನ್ನು ಹತ್ತು ದಿನ ಬಿಡದೆ ಮಾಡುವುದೇ ಕಷ್ಟ. ಪಶ್ಚಿಮಘಟ್ಟದ ಚಾರಣದ ಕಾಲ ಅಕ್ಟೋಬರ್‌ನಿಂದ ಜನವರಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಅನೇಕ ದಾರಿಗಳನ್ನು ಮುಚ್ಚುತ್ತಾರೆ. ಅಭ್ಯಾಸವನ್ನು ಆ ತಿಂಗಳುಗಳಲ್ಲೇ ಶುರುಮಾಡಿ.

ಸ್ಪೇನಿನ ಕಮೀನೊ ಯಾತ್ರೆಗೆ ಬೇಸಿಗೆ ಸರಿಯೇ?

ಜುಲೈ, ಆಗಸ್ಟ್ ಬೇಡ. ಕಮೀನೊ ಎಂದರೆ ಸ್ಯಾಂಟಿಯಾಗೊ ಎಂಬ ಕ್ರೈಸ್ತ ಯಾತ್ರಾಸ್ಥಳಕ್ಕೆ ನಡೆದು ಹೋಗುವ ದಾರಿಗಳು. ಅವುಗಳಲ್ಲಿ ಸೇಂಟ್ ಜಾನ್ ಪೀ ದ ಪೋರ್‌ನಿಂದ ಹೊರಡುವ ಫ್ರೆಂಚ್ ದಾರಿ ಸುಮಾರು 780 ಕಿಲೋಮೀಟರ್. ಅದರ ನಡುವಿನ ಮೆಸೆಟಾ ಪ್ರಸ್ಥಭೂಮಿಯಲ್ಲಿ ಗಂಟೆಗಟ್ಟಲೆ ಒಂದು ಮರದ ನೆರಳೂ ಸಿಗದು, ಗೋಧಿ ಹೊಲ ಮಾತ್ರ. ಮೇ ತಿಂಗಳಲ್ಲಿ ಅದೇ ಹೊಲಗಳು ಹಸುರಾಗಿ, ಅಂಚಿನಲ್ಲಿ ಕೆಂಪು ಗಸಗಸೆ ಹೂವು ಅರಳಿ ಮನಸ್ಸಿಗೆ ಹಬ್ಬ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯವೂ ಒಳ್ಳೆಯದು. ಪಿರನೀಸ್ ದಾಟುವ ನೆಪೋಲಿಯನ್ ದಾರಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚಿರುತ್ತದೆ. ಆಗ ಕೆಳಗಿನ ಕಣಿವೆಯ ದಾರಿಯೇ ಗತಿ. ಒಂದು ವಾರವಷ್ಟೇ ಇರುವವರು ಸಾರಿಯಾದಿಂದ ಹೊರಡಬಹುದು, ಪ್ರಮಾಣಪತ್ರಕ್ಕೆ ಕೊನೆಯ 100 ಕಿಲೋಮೀಟರ್ ನಡೆದಿದ್ದರೆ ಸಾಕು.

ಸಂತ ಯಾಕೋಬರ ಹಬ್ಬದ ದಿನವಾದ ಜುಲೈ 25 ಭಾನುವಾರ ಬಂದ ವರ್ಷ ಅಲ್ಲಿ ಪವಿತ್ರ ವರ್ಷ. 2021ರ ನಂತರದ್ದು 2027. ಆ ವರ್ಷ ಜನಜಾತ್ರೆ. ಏಕಾಂತ ಬಯಸುವವರು ಬೇರೆ ವರ್ಷ ನೋಡಿಕೊಳ್ಳಬೇಕು.

ಸ್ಕಾಟ್ಲೆಂಡಿಗೆ ಜುಲೈನಲ್ಲಿ ಟಿಕೆಟ್ ಅಗ್ಗವಾಗಿ ಸಿಕ್ಕರೂ ಬೇಡ ಎನ್ನುತ್ತೀರಲ್ಲ, ಏಕೆ?

ಮಿಡ್ಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಾಗಿ. ಪಶ್ಚಿಮ ಹೈಲ್ಯಾಂಡ್ಸ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮೊದಲವರೆಗೆ ಗಾಳಿಯಿಲ್ಲದ ಮುಂಜಾನೆ, ಸಂಜೆಗಳಲ್ಲಿ ಮೋಡದಂತೆ ಮುತ್ತುತ್ತವೆ, ಕೂತು ಒಂದು ಲೋಟ ಚಹಾ ಕುಡಿಯಲೂ ಬಿಡುವುದಿಲ್ಲ. ತುಸು ಗಾಳಿ ಬೀಸಿದರೆ ಹಾರಲಾರವು. ಮೇ ತಿಂಗಳಲ್ಲಿ ಅವುಗಳ ಕಾಟ ಶುರುವಾಗುವ ಮೊದಲೇ ನಡೆಯುವುದು ಜಾಣತನ. ವರ್ಷದಲ್ಲಿ ಒಣ ದಿನಗಳು ಹೆಚ್ಚು ಸಿಗುವುದೂ ಆಗಲೇ. ಮಿಲ್‌ಗೈನಿಂದ ಫೋರ್ಟ್ ವಿಲಿಯಂವರೆಗಿನ 154 ಕಿಲೋಮೀಟರ್‌ನ ವೆಸ್ಟ್ ಹೈಲ್ಯಾಂಡ್ ವೇ ನಮ್ಮ ಮಕ್ಕಳ ಮೇ ರಜೆಗೆ ಹೇಳಿ ಮಾಡಿಸಿದ್ದು.

ಆಗಸ್ಟ್ ಬಿಟ್ಟರೆ ನನಗೆ ರಜೆಯೇ ಇಲ್ಲ. ಏನು ಮಾಡಲಿ?

ಉತ್ತರಕ್ಕೆ ಹೋಗಿ. ಸ್ವೀಡನ್ನಿನ ಕುಂಗ್ಸ್‌ಲೆಡೆನ್ ದಾರಿಯಲ್ಲಿ ಜುಲೈನ ಸೊಳ್ಳೆಕಾಟ ಆಗಸ್ಟ್ ಮಧ್ಯಕ್ಕೆ ಇಳಿಯುತ್ತದೆ. ಅಬಿಸ್ಕೊದಿಂದ ನಿಕ್ಕಲುಓಕ್ತಾವರೆಗಿನ ಸುಮಾರು 105 ಕಿಲೋಮೀಟರ್ ಅದರ ಹೆಸರಾಂತ ಭಾಗ. ಐಸ್‌ಲ್ಯಾಂಡಿನ 55 ಕಿಲೋಮೀಟರ್‌ನ ಲೌಗವೇಗುರ್, ನಾರ್ವೆಯ ಬೆಸ್ಸೆಗ್ಗೆನ್ ದಿಣ್ಣೆಗೂ ಇದೇ ಕಾಲ. ದಕ್ಷಿಣದಲ್ಲಿ ಬಿಸಿಲಿನ ಜೊತೆ ಕಾಡ್ಗಿಚ್ಚಿನ ಅಪಾಯವೂ ಇದೆ. ಮಾರ್ಸೇಲ್ ಬಳಿಯ ಕಲಾಂಕ್ ಕಮರಿಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನದಿನದ ಅಪಾಯ ನೋಡಿ ಪ್ರವೇಶ ತಡೆಯುತ್ತಾರೆ. 2023ರ ಜುಲೈನಲ್ಲಿ ಗ್ರೀಸಿನ ರೋಡ್ಸ್ ದ್ವೀಪದಿಂದ ಸಾವಿರಾರು ಪ್ರವಾಸಿಗರನ್ನು ಬೆಂಕಿಯ ಕಾರಣ ತೆರವುಗೊಳಿಸಬೇಕಾಯಿತು. ಇಟಲಿಯ ಡೊಲೊಮೈಟ್ಸ್‌ಗೆ ಹೋಗುವುದಾದರೆ ಆಗಸ್ಟ್ 15ರ ಫೆರಾಗೋಸ್ತೊ ಹಬ್ಬದ ವಾರವನ್ನು ತಪ್ಪಿಸಿ. ಇಡೀ ಇಟಲಿ ಆ ವಾರ ರಜೆಯ ಮೇಲಿರುತ್ತದೆ.

ಡಿಸೆಂಬರ್‌ನಲ್ಲಿ ನಡೆಯುವ ಜಾಗ ಇದೆಯೇ?

ಕ್ಯಾನರಿ ದ್ವೀಪಗಳು. ಲಾ ಗೊಮೇರಾದ ಗರಹೊನಾಯ್ ಕಾಡಿನಲ್ಲಿ ಪಾಚಿ ಹೊದ್ದ ಲಾರೆಲ್ ಮರಗಳ ನಡುವೆ ಮಂಜು ಹರಿದಾಡುತ್ತಿರುತ್ತದೆ. ಕರಾವಳಿಯಲ್ಲಿ 20 ಡಿಗ್ರಿ. ಟೆನೆರಿಫ್‌ನ 3,715 ಮೀಟರ್ ಎತ್ತರದ ಟೈಡೆ ತುದಿಯಲ್ಲಿ ಮಾತ್ರ ಆಗ ಹಿಮ ಇರಬಹುದು. ಮದೈರಾ ದ್ವೀಪದ ಲೆವಾಡಾ ಕಾಲುವೆದಾರಿಗಳೂ ವರ್ಷವಿಡೀ ನಡೆಯುವಂಥವು, ಚಳಿಗಾಲದಲ್ಲಿ ಮಳೆ ಹೆಚ್ಚು ಅಷ್ಟೇ. ಹಿಮದಲ್ಲೇ ನಡೆಯುವ ಆಸೆಯಿದ್ದರೆ ಸ್ವಿಟ್ಜರ್ಲೆಂಡಿನಲ್ಲಿ ಹಿಮವನ್ನು ಹದಗೊಳಿಸಿದ ಚಳಿಗಾಲದ ನಡಿಗೆ ದಾರಿಗಳಿವೆ, ಗುಲಾಬಿ ಬಣ್ಣದ ಫಲಕಗಳನ್ನು ಹಿಡಿದು ಹೋಗಬೇಕು.

ತಂದೆ, ತಾಯಿಗೆ ಅರವತ್ತೈದು ದಾಟಿದೆ. ಅವರನ್ನು ಯಾವಾಗ ಕರೆಸಿಕೊಳ್ಳಲಿ?

ಜೂನ್ ಕೊನೆಯಿಂದ ಸೆಪ್ಟೆಂಬರ್. ಹಿರಿಯರಿಗೆ ಆಲ್ಪ್ಸ್ ಸುಲಭವಾಗುವುದು ಕೇಬಲ್ ಕಾರು, ಬೆಟ್ಟದ ರೈಲುಗಳಿಂದ. ಏಪ್ರಿಲ್‌ನಿಂದ ಮೇವರೆಗೆ ಮತ್ತು ನವೆಂಬರ್‌ನಲ್ಲಿ ಅವುಗಳಲ್ಲಿ ಅನೇಕವನ್ನು ದುರಸ್ತಿಗೆ ನಿಲ್ಲಿಸುತ್ತಾರೆ, ಬೆಟ್ಟದೂರಿನ ಹೋಟೆಲುಗಳೂ ಬಾಗಿಲು ಹಾಕಿರುತ್ತವೆ. ಟಿಕೆಟ್ ತೆಗೆಯುವ ಮೊದಲು ಆ ದಿನಾಂಕಗಳನ್ನು ಪರಿಶೀಲಿಸಿ.

ಸ್ವಿಟ್ಜರ್ಲೆಂಡಿನ ಮೆನ್ಲಿಖೆನ್‌ನಿಂದ ಕ್ಲೈನೆ ಶೈಡೆಗ್‌ವರೆಗಿನ ದಾರಿ ಹೆಚ್ಚುಕಡಿಮೆ ಸಮತಟ್ಟು, ಒಂದೂವರೆ ಗಂಟೆ, ಎದುರಿಗೆ ಐಗರ್, ಮೊಂಖ್, ಯುಂಗ್‌ಫ್ರಾವ್ ಮೂರೂ ಶಿಖರಗಳು. ಎರಡೂ ತುದಿಯಲ್ಲಿ ವಾಹನ ಉಂಟು. ಹಳದಿ ಫಲಕಗಳಲ್ಲಿ ಬರೆದಿರುವ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ; ಹಿರಿಯರಿಗೆ ಅದರ ಒಂದೂವರೆ ಪಟ್ಟು ಎಣಿಸಿ. ಸಸ್ಯಾಹಾರಿಗಳಾದರೆ ತಂಗುವ ಮನೆಗೆ ಕಾಯ್ದಿರಿಸುವಾಗಲೇ ತಿಳಿಸಿ. ಅಲ್ಲಿ ಹೋಗಿ ಹೇಳಿದರೆ ಬ್ರೆಡ್ಡು, ಚೀಸೇ ಊಟವಾಗಬಹುದು.

## ಅನುಭವ ಇರುವವರ ಪ್ರಶ್ನೆಗಳು

ಜುಲೈ ಮಧ್ಯಾಹ್ನದ ಗುಡುಗನ್ನು ಹೇಗೆ ನಿಭಾಯಿಸುವುದು?

ಬೇಗ ಹೊರಡುವುದೊಂದೇ ದಾರಿ. ಬಿಸಿಲಿಗೆ ಕಾದ ಕಣಿವೆಯ ಗಾಳಿ ಮೇಲೇರಿ ಮಧ್ಯಾಹ್ನದ ನಂತರ ಮೋಡ ಕಟ್ಟುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಟು, ಎತ್ತರದ ಭಾಗವನ್ನು ಮಧ್ಯಾಹ್ನ ಒಂದು ಗಂಟೆ ಹೊಡೆಯುವ ಮೊದಲೇ ದಾಟಿಬಿಡಿ. ಹತ್ತು ಗಂಟೆಗೇ ಹೂಕೋಸಿನಂತೆ ಮೋಡ ಎದ್ದು ನಿಂತಿದ್ದರೆ ಆ ದಿನ ದಿಣ್ಣೆಯ ದಾರಿ ಬೇಡ. ಮಿಂಚು, ಗುಡುಗಿನ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ದಿಣ್ಣೆ, ಒಂಟಿ ಮರ, ಕಬ್ಬಿಣದ ಹಗ್ಗಗಳಿಂದ ದೂರ ಸರಿಯಿರಿ. ನೆರವಿಗೆ 112 ಕರೆ ಮಾಡಿ. ಮೊಬೈಲ್ ಸಂಪರ್ಕ ಸಿಗದ ಕಡೆ ನಿಮಿಷಕ್ಕೆ ಆರು ಬಾರಿ ಸೀಟಿ ಅಥವಾ ಬೆಳಕಿನ ಸಂಕೇತ, ಒಂದು ನಿಮಿಷ ಬಿಡುವು, ಮತ್ತೆ ಆರು. ಆಲ್ಪ್ಸ್‌ನಲ್ಲಿ ಇದನ್ನು ಎಲ್ಲರೂ ಅರಿತಿದ್ದಾರೆ.

ಅಲ್ಲಿ ಜಿಗಣೆ ಇಲ್ಲವಂತೆ. ಹಾಗಾದರೆ ಕಾಲಿಗೆ ಏನೂ ಭಯವಿಲ್ಲವೇ?

ಉಣುಗು ಇದೆ. ಕಾಡಿನಂಚಿನ ಹುಲ್ಲಿನಲ್ಲಿ ವಸಂತದಿಂದ ಶರತ್ಕಾಲದವರೆಗೆ ಕಾದಿರುತ್ತದೆ, ಎತ್ತರದ ಬೆಟ್ಟದಲ್ಲಿ ಅಪರೂಪ. ಆಸ್ಟ್ರಿಯಾ, ದಕ್ಷಿಣ ಜರ್ಮನಿ, ಚೆಕ್ ದೇಶಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸು ನಮ್ಮ ಶಿವಮೊಗ್ಗ ಸೀಮೆಯ ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿ. ಅದಕ್ಕೆ ಲಸಿಕೆ ಉಂಟು. ಹಲವು ವಾರಗಳ ಅಂತರದಲ್ಲಿ ಒಂದಕ್ಕಿಂತ ಹೆಚ್ಚು ಚುಚ್ಚುಮದ್ದು ಬೇಕಾದ್ದರಿಂದ ಅಲ್ಲೇ ನೆಲೆಸಿರುವವರು ಚಳಿಗಾಲದಲ್ಲೇ ವೈದ್ಯರನ್ನು ಕಾಣಬೇಕು. ಲೈಮ್ ಕಾಯಿಲೆಗೆ ಅಂಥ ಲಸಿಕೆಯ ಆಸರೆ ಇಲ್ಲ. ಉದ್ದ ಪ್ಯಾಂಟ್ ಹಾಕಿ, ಸಂಜೆ ಮೈ ಪೂರ್ತಿ ಪರೀಕ್ಷಿಸಿ, ಅಂಟಿದ್ದರೆ ಚಿಮಟದಿಂದ ನೇರವಾಗಿ ಎಳೆದು ತೆಗೆಯಿರಿ. ಕಚ್ಚಿದ ಜಾಗದಲ್ಲಿ ಮುಂದಿನ ವಾರಗಳಲ್ಲಿ ಕೆಂಪು ಉಂಗುರ ಹರಡಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ವೀಸಾ, ತಂಗುಮನೆ, ವಿಮಾನ: ಯಾವುದನ್ನು ಮೊದಲು ಮಾಡಲಿ?

ತಂಗುಮನೆ. ಹೆಸರಾಂತ ದಾರಿಗಳಲ್ಲಿ ಬೇಸಿಗೆಯ ಹಾಸಿಗೆಗಳನ್ನು ಹಿಂದಿನ ಚಳಿಗಾಲದಲ್ಲೇ ಜನ ಕಾಯ್ದಿರಿಸಿ ಮುಗಿಸುತ್ತಾರೆ. ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಬೇಸಿಗೆಯ ಪ್ರಯಾಣಕ್ಕೆ ಆ ಗಡುವನ್ನು ನಂಬಬೇಡಿ, ಮೂರು ತಿಂಗಳಾದರೂ ಇರಲಿ. ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ ಸಲ್ಲಬೇಕು. ಬ್ರಿಟನ್, ಐರ್ಲೆಂಡ್‌ಗಳ ವೀಸಾ ಬೇರೆ. ಕಡ್ಡಾಯವಾದ ವಿಮೆ 30,000 ಯೂರೋಗಳದು. ಅದರಲ್ಲಿ ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಪಾರುಮಾಡುವ ಖರ್ಚು ಸೇರಿದೆಯೇ ಎಂದು ಓದಿ ನೋಡಿ.

ಹವಾಮಾನ ಬದಲಾಗುತ್ತಿರುವಾಗ ಹಳೆಯ ತಿಂಗಳ ಲೆಕ್ಕ ಇನ್ನೂ ನಡೆಯುತ್ತದೆಯೇ?

ಕೆಳಗಿನ ದಾರಿಗಳಿಗೆ ಬಹುಮಟ್ಟಿಗೆ ನಡೆಯುತ್ತದೆ. ಹಿಮನದಿಗಳ ಬುಡದಲ್ಲಿ ಹಾಯುವ ದಾರಿಗಳಿಗೆ ಮಾತ್ರ ನಾನು ಕಟ್ಟುನಿಟ್ಟು. 2022ರ ಜುಲೈ 3ರಂದು ಡೊಲೊಮೈಟ್ಸ್‌ನ ಮಾರ್ಮೊಲಾಡಾ ಹಿಮನದಿಯ ತುಂಡು ಕುಸಿದು 11 ಜನ ಸತ್ತರು. 2023ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಮೇಲೆ ಗಾಳಿಯ ತಾಪ ಸೊನ್ನೆ ಡಿಗ್ರಿಗೆ ಇಳಿಯುವ ಎತ್ತರ 5,298 ಮೀಟರ್‌ಗೆ ಏರಿತ್ತು, ಮಾಂಟ್ ಬ್ಲಾಂಕ್ ತುದಿಗಿಂತಲೂ ಮೇಲೆ. 2025ರ ಮೇ 28ರಂದು ಅದೇ ದೇಶದ ಬ್ಲಾಟೆನ್ ಹಳ್ಳಿಯ ಬಹುಭಾಗ ಬಂಡೆ ಮತ್ತು ಮಂಜುಗಡ್ಡೆಯಡಿ ಹೂತುಹೋಯಿತು. ಬಂಡೆಗಳನ್ನು ಬೆಸೆದು ಹಿಡಿದಿರುವ ಮಂಜುಗಡ್ಡೆ ಕರಗಿದಾಗ ಕಲ್ಲು ಉರುಳುತ್ತದೆ. ಬಿಸಿಗಾಳಿಯ ವಾರಗಳಲ್ಲಿ ಅಂಥ ದಾರಿಗಳನ್ನು ಬಿಟ್ಟು ಮರಗಳ ಎತ್ತರದಲ್ಲೇ ನಡೆಯಿರಿ. ಸ್ಥಳೀಯರು ದಾರಿ ಮುಚ್ಚಿದ್ದಾರೆಂದರೆ ಅದನ್ನು ದಾಟಿ ಹೋಗುವ ಮಾತೇ ಬೇಡ.

ಎಲ್ಲ ಲೆಕ್ಕ ಹಾಕಿ ಹೋದಮೇಲೂ ವಾರವಿಡೀ ಮಳೆ ಹಿಡಿದರೆ?

ಪರ್ವತದ ಇನ್ನೊಂದು ಮಗ್ಗುಲಿಗೆ ಹೋಗಿ. ಆಲ್ಪ್ಸ್ ಸಾಲು ಮೋಡಗಳಿಗೆ ಅಡ್ಡಗೋಡೆ. ಉತ್ತರದಿಂದ ಮೋಡ ಬಂದು ಲುಸರ್ನ್ ಕಡೆ ಸುರಿಯುತ್ತಿರುವಾಗ ದಕ್ಷಿಣದ ಟಿಚಿನೋದಲ್ಲಿ ಬಿಸಿಲಿರುತ್ತದೆ. ದಕ್ಷಿಣದ ಗಾಳಿ ಬೀಸಿದರೆ ಅಲ್ಲಿ ಜಡಿಮಳೆ, ಉತ್ತರದಲ್ಲಿ ಫೋನ್ ಎಂಬ ಬೆಚ್ಚನೆಯ ಒಣಗಾಳಿ. 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗದಿಂದಾಗಿ ಜೂರಿಕ್‌ನಿಂದ ಲುಗಾನೊಗೆ ರೈಲಿನಲ್ಲಿ ಎರಡು ಗಂಟೆ. ಆದ್ದರಿಂದ ಒಂದೇ ವಾರದ ರಜೆಯವರು ಕೋಣೆಯನ್ನು ರೈಲುಮಾರ್ಗದ ಊರಿನಲ್ಲೇ ಹಿಡಿಯಿರಿ, ಹಿಂದಿನ ಸಂಜೆಯವರೆಗೆ ರದ್ದುಮಾಡಲು ಅವಕಾಶವಿರುವುದನ್ನೇ ಆರಿಸಿ, ಮರುದಿನ ಯಾವ ಕಡೆ ಹೋಗುವುದೆಂದು ರಾತ್ರಿ ಹವಾಮಾನ ವರದಿ ನೋಡಿ ತೀರ್ಮಾನಿಸಿ.